ಮೊದಲು ಸ್ವರೂಪ, ಆಮೇಲೆ ಲೂಪ್



ಮುಂಗಾರು ಹಿಡಿಯಿತೆಂದರೆ ನಮ್ಮ ರಾಜ್ಯದ ದಿನಪತ್ರಿಕೆಗಳಲ್ಲಿ ಒಂದು ಪುಟ್ಟ ಪಟ್ಟಿ ಕಾಣಿಸಿಕೊಳ್ಳುತ್ತದೆ. ಜಲಾಶಯದ ಹೆಸರು, ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಅಷ್ಟೇ. ಮಂಡ್ಯದ ರೈತರು ಅದರಲ್ಲಿ ಕೃಷ್ಣರಾಜಸಾಗರದ, ಅಂದರೆ ಕೆಆರ್‌ಎಸ್‌ನ, ಸಾಲು ನೋಡುತ್ತಾರೆ. ಗಂಗಾವತಿ, ಸಿರುಗುಪ್ಪದ ಭತ್ತದ ಬೆಳೆಗಾರರು ತುಂಗಭದ್ರೆಯ ಸಾಲು ನೋಡುತ್ತಾರೆ. ದಾವಣಗೆರೆಯವರಿಗೆ ಭದ್ರೆಯದು ಬೇಕು. ಮನುಷ್ಯರಾದರೆ ಒಮ್ಮೆ ಕಣ್ಣಾಡಿಸಿ ತಮಗೆ ಬೇಕಾದ ಸಾಲನ್ನು ಹುಡುಕಿಕೊಳ್ಳುತ್ತಾರೆ. ಇದೇ ಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟು ಕಂಪ್ಯೂಟರಿನಿಂದ ಓದಿಸಬೇಕಾದರೆ ಏನು ಮಾಡಬೇಕು? ಜೇಸನ್ ಎಂಬ ನಮೂನೆಯ ಫೈಲನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಓದಿ, ಅದರ ಒಂದೊಂದು ನಮೂದನ್ನೂ ಲೂಪ್ ಹಾಕಿ ನೋಡುವ ಬಗೆಯನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವವರು, ಮನೆಯಲ್ಲೇ ಕೂತು ಸ್ವಂತವಾಗಿ ಕೋಡ್ ಬರೆಯುವುದನ್ನು ಕಲಿಯುತ್ತಿರುವವರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದೇನೆ. ನಾನು ಮುಖ್ಯವಾಗಿ ಹೇಳಬೇಕಾದದ್ದು ಒಂದೇ ಮಾತು. ಲೂಪ್ ಬರೆಯಲು ಕೈಹಾಕುವ ಮೊದಲು, ಕೈಗೆ ಬಂದಿರುವ ಮಾಹಿತಿಯ ಸ್ವರೂಪ ಏನೆಂದು ನೋಡಿ. ಪಟ್ಟಿಯೋ, ಹೆಸರು ಕಟ್ಟಿದ ನಮೂದೋ? ಸಂಖ್ಯೆಯೋ, ಸಂಖ್ಯೆಯ ಹಾಗೆ ಕಾಣುವ ಅಕ್ಷರವೋ? ಅಡಿಯೋ, ಮೀಟರೋ? ಇದನ್ನು ತಿಳಿದವರಿಗೆ ಲೂಪ್ ಎರಡು ಸಾಲಿನ ಕೆಲಸ.

ರೇಡಿಯೊದಲ್ಲಿ ಕೋಡ್ ತೋರಿಸಲು ಆಗುವುದಿಲ್ಲ. ಹತ್ತಿರದಲ್ಲಿ ಕಾಗದ, ಪೆನ್ನು ಇದ್ದರೆ ನಾನು ಹೇಳಿದಂತೆ ಬರೆದುಕೊಳ್ಳಿ. ಮೊದಲ ಸಾಲಿನಲ್ಲಿ ಒಂದು ಚೌಕಾವರಣ ತೆರೆಯಿರಿ. ಎರಡನೆಯ ಸಾಲಿನಲ್ಲಿ ಒಂದು ಪುಷ್ಪಾವರಣ ತೆರೆಯಿರಿ. ಅದರೊಳಗೆ ಜೋಡಿ ಉದ್ಧರಣ ಚಿಹ್ನೆಗಳ ನಡುವೆ ‘ಹೆಸರು’ ಎಂದು ಬರೆದು, ಕೋಲನ್ ಹಾಕಿ, ಮತ್ತೆ ಜೋಡಿ ಉದ್ಧರಣ ಚಿಹ್ನೆಗಳ ನಡುವೆ ‘ಹಾರಂಗಿ’ ಎಂದು ಬರೆಯಿರಿ. ಅಲ್ಪವಿರಾಮ ಹಾಕಿ. ಹಾಗೆಯೇ ‘ಕಣಿವೆ’, ಕೋಲನ್, ‘ಕಾವೇರಿ’. ಇನ್ನೊಂದು ಅಲ್ಪವಿರಾಮ. ಆಮೇಲೆ ‘ಸಾಮರ್ಥ್ಯ’, ಕೋಲನ್, 8.5. ಇದು ಸಂಖ್ಯೆ, ಆದ್ದರಿಂದ 8.5ಕ್ಕೆ ಉದ್ಧರಣ ಚಿಹ್ನೆ ಬೇಡ. ಪುಷ್ಪಾವರಣ ಮುಚ್ಚಿ, ಅಲ್ಪವಿರಾಮ ಹಾಕಿ. ಮುಂದಿನ ಸಾಲುಗಳಲ್ಲಿ ಇದೇ ಕ್ರಮದಲ್ಲಿ ಹೇಮಾವತಿ 37.1, ಕೆಆರ್‌ಎಸ್ 49.45, ಕಬಿನಿ 19.52. ಕಬಿನಿಯ ಪುಷ್ಪಾವರಣ ಮುಚ್ಚಿದ ಮೇಲೆ ಅಲ್ಪವಿರಾಮ ಹಾಕದೆ ಚೌಕಾವರಣವನ್ನೂ ಮುಚ್ಚಿಬಿಡಿ. ಸಾಮರ್ಥ್ಯದ ಅಂಕಿಗಳೆಲ್ಲ ಟಿಎಂಸಿ ಅಡಿ ಲೆಕ್ಕದಲ್ಲಿವೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು.

ನಿಮ್ಮ ಕಾಗದದ ಮೇಲಿರುವುದು ಈಗ ಒಂದು ಸರಿಯಾದ ಜೇಸನ್ ಫೈಲ್. ಚೌಕಾವರಣದೊಳಗೆ ಇರುವುದು ಸಾಲಾಗಿ ಜೋಡಿಸಿದ ಪಟ್ಟಿ. ಇದಕ್ಕೆ ಅರೇ ಎನ್ನುತ್ತೇವೆ. ಅಲ್ಲಿ ಮೊದಲನೆಯದು, ಎರಡನೆಯದು ಎಂಬ ಕ್ರಮ ಉಂಟು. ಪುಷ್ಪಾವರಣದೊಳಗೆ ಇರುವುದು ಹೆಸರು ಮತ್ತು ಬೆಲೆಯ ಜೋಡಿಗಳು. ಇದಕ್ಕೆ ಆಬ್ಜೆಕ್ಟ್ ಎನ್ನುತ್ತೇವೆ. ಬೆಲೆಯ ಜಾಗದಲ್ಲಿ ಆರು ಬಗೆಯವು ಮಾತ್ರ ಬರಬಹುದು: ಅಕ್ಷರಗಳ ಸರಣಿ, ಸಂಖ್ಯೆ, ಹೌದು-ಅಲ್ಲ ಎಂಬುದನ್ನು ಹೇಳುವ ಟ್ರೂ ಮತ್ತು ಫಾಲ್ಸ್, ಏನೂ ಇಲ್ಲ ಎಂಬುದನ್ನು ಹೇಳುವ ನಲ್, ಇನ್ನೊಂದು ಅರೇ, ಇನ್ನೊಂದು ಆಬ್ಜೆಕ್ಟ್. ಒಂದರೊಳಗೆ ಒಂದನ್ನು ಎಷ್ಟು ಆಳಕ್ಕೆ ಬೇಕಾದರೂ ಇಡಬಹುದು. ಇಷ್ಟು ಸರಳವಾದ ನಿಯಮಗಳಿಂದಲೇ ಇವತ್ತು ಹವಾಮಾನದ ಮುನ್ಸೂಚನೆಯಿಂದ ಹಿಡಿದು ರೈಲಿನ ವೇಳಾಪಟ್ಟಿಯವರೆಗೆ ಎಷ್ಟೋ ಮಾಹಿತಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುತ್ತಿದೆ.

ಈ ನಿಯಮಗಳು ಎಲ್ಲಿಂದ ಬಂದವು ಎಂಬುದೂ ತಿಳಿಯಬೇಕಾದದ್ದೇ. ಜಾವಾಸ್ಕ್ರಿಪ್ಟ್ ಭಾಷೆಯನ್ನು ಬ್ರೆಂಡನ್ ಐಕ್ ಅವರು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದಾಗ ರೂಪಿಸಿದರು. ಆರು ವರ್ಷಗಳ ನಂತರ, 2001ರ ಏಪ್ರಿಲ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್ ಎಂಬಿಬ್ಬರು ಇದೇ ಭಾಷೆಯ ಆಬ್ಜೆಕ್ಟ್ ಬರೆಯುವ ರೀತಿಯನ್ನೇ ಬಳಸಿಕೊಂಡು ಸರ್ವರಿನಿಂದ ಬ್ರೌಸರಿಗೆ ಮೊದಲ ಸಂದೇಶ ಕಳಿಸಿದರು. ಆ ಸಂದೇಶ ಓದಲಾಗದೆ ಹೋಯಿತು. ಕಾರಣ, ಅದರಲ್ಲಿ ‘ಡೂ’ ಎಂಬ ಹೆಸರಿತ್ತು. ಅದು ಜಾವಾಸ್ಕ್ರಿಪ್ಟ್ ತನ್ನ ಸ್ವಂತ ಬಳಕೆಗೆ ಕಾಯ್ದಿರಿಸಿಕೊಂಡ ಪದ. ಹೀಗೆ ಕಾಯ್ದಿರಿಸಿದ ಪದಗಳ ಪಟ್ಟಿಯನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕೆಂದು ಹೇಳುವ ಬದಲು ಕ್ರಾಕ್‌ಫರ್ಡ್ ಒಂದು ತೀರ್ಮಾನಕ್ಕೆ ಬಂದರು: ಜೇಸನ್‌ನಲ್ಲಿ ಪ್ರತಿಯೊಂದು ಹೆಸರನ್ನೂ ಉದ್ಧರಣ ಚಿಹ್ನೆಯೊಳಗೇ ಬರೆಯಬೇಕು. ಈಗ ನೀವು ‘ಹೆಸರು’, ‘ಕಣಿವೆ’ ಎಂಬುದಕ್ಕೆಲ್ಲ ಉದ್ಧರಣ ಚಿಹ್ನೆ ಹಾಕಿದ್ದು ಆ ತೀರ್ಮಾನದಿಂದ. ಜೇಸನ್ ಫೈಲಿನಲ್ಲಿ ಟಿಪ್ಪಣಿ ಬರೆಯಲು ಅವಕಾಶ ಇಲ್ಲದಿರುವುದೂ ಅವರದೇ ತೀರ್ಮಾನ. ಟಿಪ್ಪಣಿಯ ಜಾಗದಲ್ಲಿ ಕೆಲವರು ತಮ್ಮ ತಮ್ಮ ಪ್ರೋಗ್ರಾಮಿಗೆ ಗುಟ್ಟಾದ ಸೂಚನೆಗಳನ್ನು ಸೇರಿಸತೊಡಗಿದ್ದರು. ಹಾಗೆ ಬಿಟ್ಟರೆ ಒಬ್ಬರ ಫೈಲ್ ಇನ್ನೊಬ್ಬರಿಗೆ ಅರ್ಥವಾಗದೆ ಹೋಗುತ್ತದೆಂದು ಅವರು ಅದನ್ನು ತೆಗೆದೇ ಹಾಕಿದರು.

ಆರಂಭದ ವರ್ಷಗಳಲ್ಲಿ ಜೇಸನ್ ಓದಲು ಇವಾಲ್ ಎಂಬ ಫಂಕ್ಷನ್ ಬಳಸುತ್ತಿದ್ದರು. ಇವಾಲ್‌ಗೆ ಕೊಟ್ಟದ್ದನ್ನೆಲ್ಲ ಅದು ಕೋಡ್ ಎಂದೇ ತಿಳಿದು ನಡೆಸಿಬಿಡುತ್ತದೆ. ಮಾಹಿತಿಯ ಹೆಸರಿನಲ್ಲಿ ಯಾರಾದರೂ ದುರುದ್ದೇಶದ ಕೋಡ್ ಕಳಿಸಿದರೂ ಅದು ನಡೆದೇಹೋಗುತ್ತಿತ್ತು. 2009ರ ಡಿಸೆಂಬರಿನಲ್ಲಿ ಬಂದ, ಜಾವಾಸ್ಕ್ರಿಪ್ಟಿನ ಮಾನಕವಾದ ಎಕ್ಮಾಸ್ಕ್ರಿಪ್ಟ್‌ನ ಐದನೆಯ ಆವೃತ್ತಿ ಜೇಸನ್ ಪಾರ್ಸ್, ಜೇಸನ್ ಸ್ಟ್ರಿಂಗಿಫೈ ಎಂಬ ಎರಡು ಸಲಕರಣೆಗಳನ್ನು ಭಾಷೆಯೊಳಗೇ ಸೇರಿಸಿತು. ಪಾರ್ಸ್ ಬರಹವನ್ನು ಮಾಹಿತಿಯಾಗಿ ಬಿಡಿಸುತ್ತದೆ, ಏನನ್ನೂ ನಡೆಸುವುದಿಲ್ಲ. ಸ್ಟ್ರಿಂಗಿಫೈ ಮಾಹಿತಿಯನ್ನು ಮತ್ತೆ ಬರಹ ಮಾಡುತ್ತದೆ. ಹಳೆಯ ಪುಸ್ತಕದಲ್ಲೋ ಹಳೆಯ ಕೋಡಿನಲ್ಲೋ ಜೇಸನ್ ಓದಲು ಇವಾಲ್ ಬಳಸಿದ್ದು ಕಂಡರೆ ದಯವಿಟ್ಟು ಅದನ್ನು ಅನುಸರಿಸಬೇಡಿ.

ಈಗ ಓದುವ ಕೆಲಸಕ್ಕೆ ಬರೋಣ. ಇಲ್ಲಿ ಎರಡು ಹಂತಗಳಿವೆ. ಮೊದಲನೆಯದು ಫೈಲಿನ ಬರಹವನ್ನು ತರುವುದು. ಎರಡನೆಯದು ಆ ಬರಹವನ್ನು ಪಾರ್ಸ್ ಮಾಡುವುದು. ಬ್ರೌಸರಿನಲ್ಲಿ ಬರಹ ತರುವ ಕೆಲಸ ಫೆಚ್ ಎಂಬ ಫಂಕ್ಷನ್ನಿನದು. ಫೆಚ್‌ಗೆ ಫೈಲಿನ ವಿಳಾಸ ಕೊಟ್ಟ ಕೂಡಲೇ ಮಾಹಿತಿ ಸಿಗುವುದಿಲ್ಲ, ಪ್ರಾಮಿಸ್ ಎಂಬುದೊಂದು ಸಿಗುತ್ತದೆ. ದರ್ಶಿನಿ ಹೋಟೆಲಿನಲ್ಲಿ ದುಡ್ಡು ಕೊಟ್ಟು ಚೀಟಿ ತೆಗೆದುಕೊಂಡಂತೆ ಇದು. ಚೀಟಿ ಕೈಯಲ್ಲಿದೆ, ದೋಸೆ ಇನ್ನೂ ಕಾವಲಿಯ ಮೇಲಿದೆ. ಆ ಚೀಟಿಯ ಮೇಲೇ ಲೂಪ್ ಹಾಕಲು ಹೊರಟರೆ ಏನೂ ಸಿಗದು. ಆದ್ದರಿಂದ ಫೆಚ್ ಎಂಬುದರ ಮುಂದೆ ಅವೇಟ್ ಎಂದು ಬರೆದು, ಉತ್ತರ ಬರುವ ತನಕ ಕಾಯಬೇಕು. ಬಂದ ಉತ್ತರದ ಮೇಲೆ ಜೇಸನ್ ಎಂಬ ವಿಧಾನವನ್ನು ಕರೆದಾಗ ಅದೂ ಒಂದು ಪ್ರಾಮಿಸ್ ಕೊಡುತ್ತದೆ. ಅದಕ್ಕೂ ಅವೇಟ್ ಬೇಕು. ಎರಡನೆಯ ಅವೇಟ್ ಮರೆಯುವುದು ಕಲಿಯುವವರಲ್ಲಿ ಬಹಳ ಸಾಮಾನ್ಯ. ಕನ್ಸೋಲಿನಲ್ಲಿ ‘ಪ್ರಾಮಿಸ್’ ಎಂದು ಕಾಣಿಸಿದರೆ ಎಲ್ಲೋ ಒಂದು ಅವೇಟ್ ಬಿಟ್ಟುಹೋಗಿದೆ ಎಂದೇ ತಿಳಿಯಿರಿ.

ಇವೆರಡರ ನಡುವೆ ಒಂದು ಪರೀಕ್ಷೆ ಮಾಡಲೇಬೇಕು. ಕೇಳಿದ ಫೈಲ್ ಸರ್ವರಿನಲ್ಲಿ ಇಲ್ಲದಿದ್ದರೆ 404 ಎಂಬ ಉತ್ತರ ಬರುತ್ತದಲ್ಲವೇ? ಫೆಚ್ ಅದನ್ನು ದೋಷವೆಂದು ಎಣಿಸುವುದಿಲ್ಲ. ಅದರ ದೃಷ್ಟಿಯಲ್ಲಿ ಉತ್ತರ ಬಂದಿದೆ, ಕೆಲಸ ಮುಗಿದಿದೆ. ಆದರೆ ಬಂದಿರುವುದು ಬಹುತೇಕ ‘ಪುಟ ಸಿಗಲಿಲ್ಲ’ ಎಂದು ಹೇಳುವ ಎಚ್‌ಟಿಎಂಎಲ್ ಪುಟ. ಅದನ್ನು ಪಾರ್ಸ್ ಮಾಡಲು ಹೋದಾಗ ಮೊದಲ ಅಕ್ಷರವೇ ಕೋನಾವರಣವಾಗಿರುವುದರಿಂದ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಎಂಬ ದೂರು ಬರುತ್ತದೆ. ಆಗ ಜೇಸನ್ ಫೈಲಿನಲ್ಲಿ ತಪ್ಪು ಹುಡುಕುತ್ತಾ ಗಂಟೆಗಟ್ಟಲೆ ಕೂರುವವರಿದ್ದಾರೆ. ತಪ್ಪು ಇರುವುದು ವಿಳಾಸದಲ್ಲಿ. ಉತ್ತರದಲ್ಲಿ ಓಕೆ ಎಂಬ ಗುಣವಿದೆ. ಸ್ಥಿತಿ ಸಂಖ್ಯೆ 200ರಿಂದ 299ರೊಳಗೆ ಇದ್ದರೆ ಮಾತ್ರ ಅದು ಟ್ರೂ ಆಗಿರುತ್ತದೆ. ಅದನ್ನು ನೋಡಿಕೊಂಡೇ ಮುಂದಿನ ಹೆಜ್ಜೆ ಇಡಿ.

ಇನ್ನೊಂದು ವಿಷಯ. ನಿಮ್ಮ ಕಂಪ್ಯೂಟರಿನಲ್ಲಿರುವ ಎಚ್‌ಟಿಎಂಎಲ್ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದು, ಪಕ್ಕದಲ್ಲೇ ಇರುವ ಜೇಸನ್ ಫೈಲನ್ನು ಫೆಚ್ ಮಾಡಿಸಲು ಹೋದರೆ ಬ್ರೌಸರ್ ಸಾಮಾನ್ಯವಾಗಿ ತಡೆಯುತ್ತದೆ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಯಾವುದೋ ಪುಟ ನಿಮ್ಮ ಕಂಪ್ಯೂಟರಿನ ಫೈಲುಗಳನ್ನೆಲ್ಲ ಓದದಿರಲಿ ಎಂಬ ಸುರಕ್ಷತೆಯ ಕ್ರಮ ಇದು. ಒಂದು ಸಣ್ಣ ಲೋಕಲ್ ಸರ್ವರ್ ಹಾಕಿಕೊಂಡರೆ ಈ ತೊಡಕು ಇರುವುದಿಲ್ಲ. ಬ್ರೌಸರಿನ ಹೊರಗೆ, ನೋಡ್ ಜೆಎಸ್‌ನಲ್ಲಿ ಕೆಲಸ ಮಾಡುವವರು ರೀಡ್‌ಫೈಲ್ ಬಳಸುತ್ತಾರೆ. ಅಲ್ಲಿ ಫೈಲಿನ ಹೆಸರಿನ ಜೊತೆಗೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯ ಹೆಸರನ್ನೂ ಹೇಳಬೇಕು. ಹೇಳದಿದ್ದರೆ ಅಕ್ಷರಗಳ ಬದಲು ಬೈಟುಗಳ ರಾಶಿ ಕೈಗೆ ಬರುತ್ತದೆ.

ಪಾರ್ಸ್ ಮಾಡುವಾಗ ದೂರು ಬಂದರೆ ನೋಡಬೇಕಾದ ಜಾಗಗಳು ಕೆಲವೇ. ಕೊನೆಯ ನಮೂದಿನ ನಂತರ ಅಲ್ಪವಿರಾಮ ಉಳಿದಿದೆಯೇ? ಒಂಟಿ ಉದ್ಧರಣ ಚಿಹ್ನೆ ಬಳಸಿದ್ದೀರಾ? ವರ್ಡ್‌ನಂತಹ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಉದ್ಧರಣ ಚಿಹ್ನೆಗಳು ತಾವಾಗಿಯೇ ಬಾಗಿದ ರೂಪಕ್ಕೆ ತಿರುಗಿರುತ್ತವೆ. ಜೇಸನ್‌ಗೆ ನೇರವಾದವೇ ಬೇಕು. ಸಂಖ್ಯೆಯ ಮೊದಲಿಗೆ ಸೊನ್ನೆ ಇದೆಯೇ? ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಎಂಬುದನ್ನು ಸಂಖ್ಯೆಯಾಗಿ ಬರೆದರೆ ಜೇಸನ್ ಒಪ್ಪುವುದಿಲ್ಲ. ಸೊನ್ನೆಯನ್ನು ಕಿತ್ತು 80 ಎಂದು ಬರೆದರೆ ಅದು ಎಸ್‌ಟಿಡಿ ಕೋಡ್ ಆಗಿ ಉಳಿಯುವುದಿಲ್ಲ. ಕೂಡಿ ಕಳೆಯಲು ಬಳಸದ ಅಂಕಿಗಳನ್ನು, ಅಂದರೆ ಫೋನ್ ನಂಬರು, ಪಹಣಿಯ ಸರ್ವೆ ನಂಬರು ಇಂಥವನ್ನು, ಉದ್ಧರಣ ಚಿಹ್ನೆಯೊಳಗೆ ಅಕ್ಷರಗಳಾಗಿಯೇ ಇಡುವುದು ಸರಿ.

ಮಾಹಿತಿ ಕೈಗೆ ಬಂತು. ಈಗ ಸ್ವರೂಪ ನೋಡುವ ಹೊತ್ತು. ನಾವು ಬರೆದ ಫೈಲಿನಲ್ಲಿ ಹೊರಗಿರುವುದು ಚೌಕಾವರಣ. ಆದರೆ ಬೇರೆಯವರು ಕೊಟ್ಟ ಫೈಲಿನಲ್ಲಿ ಬಹಳ ಸಲ ಹೊರಗೆ ಪುಷ್ಪಾವರಣ ಇರುತ್ತದೆ. ಅದರೊಳಗೆ ‘ದಿನಾಂಕ’ ಎಂಬ ಒಂದು ಹೆಸರು, ‘ಜಲಾಶಯಗಳು’ ಎಂಬ ಇನ್ನೊಂದು ಹೆಸರು, ಆ ಎರಡನೆಯದರ ಬೆಲೆಯಾಗಿ ನಿಜವಾದ ಪಟ್ಟಿ. ಇದನ್ನು ಗಮನಿಸದೆ ನೇರವಾಗಿ ಲೂಪ್ ಹಾಕಿದವರಿಗೆ ‘ನಾಟ್ ಇಟರಬಲ್’ ಎಂಬ ದೂರು ಸಿಗುತ್ತದೆ. ಹಾಗಾದಾಗ ಪಟ್ಟಿ ಇರುವ ಒಳಗಿನ ಜಾಗಕ್ಕೆ ಇಳಿದು ಅಲ್ಲಿಂದ ಲೂಪ್ ಆರಂಭಿಸಬೇಕು. ಪಟ್ಟಿ ಹೌದೋ ಅಲ್ಲವೋ ಎಂದು ಕೋಡಿನಲ್ಲೇ ಕೇಳಬೇಕಾದರೆ ಟೈಪ್‌ಆಫ್ ಎಂಬುದನ್ನು ನಂಬಬೇಡಿ. ಅದು ಅರೇಗೂ ಆಬ್ಜೆಕ್ಟ್ ಎನ್ನುತ್ತದೆ, ನಲ್‌ಗೂ ಆಬ್ಜೆಕ್ಟ್ ಎನ್ನುತ್ತದೆ. ಅರೇ ಡಾಟ್ ಈಸ್ಅರೇ ಎಂಬುದು ಖಚಿತವಾದ ಉತ್ತರ ಕೊಡುತ್ತದೆ.

ಪಟ್ಟಿಯ ಮೇಲೆ ಹಾಕಲು ನಾನು ಮೊದಲು ಕಲಿಸುವ ಲೂಪ್ ಎಂದರೆ ಫಾರ್-ಆಫ್. 2015ರಲ್ಲಿ ಭಾಷೆಗೆ ಸೇರಿದ್ದು. ಬಾಯಲ್ಲಿ ಹೇಳುವುದಾದರೆ ಹೀಗೆ: ಫಾರ್, ಆವರಣದೊಳಗೆ ಕಾನ್ಸ್ಟ್ ಜಲಾಶಯ ಆಫ್ ಪಟ್ಟಿ. ಲೂಪಿನ ಒಂದೊಂದು ಸುತ್ತಿಗೂ ‘ಜಲಾಶಯ’ ಎಂಬ ಹೆಸರಿನಲ್ಲಿ ಒಂದೊಂದು ಆಬ್ಜೆಕ್ಟ್ ಬರುತ್ತದೆ: ಮೊದಲು ಹಾರಂಗಿ, ಆಮೇಲೆ ಹೇಮಾವತಿ, ಆಮೇಲೆ ಕೆಆರ್‌ಎಸ್, ಕೊನೆಗೆ ಕಬಿನಿ. ಒಳಗೆ ‘ಜಲಾಶಯ ಡಾಟ್ ಹೆಸರು’ ಎಂದರೆ ಹೆಸರು, ‘ಜಲಾಶಯ ಡಾಟ್ ಸಾಮರ್ಥ್ಯ’ ಎಂದರೆ ಸಾಮರ್ಥ್ಯ. ಹೌದು, ಕನ್ನಡದಲ್ಲೇ. ಜಾವಾಸ್ಕ್ರಿಪ್ಟ್‌ನಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಇಡಲು ಯಾವ ಅಡ್ಡಿಯೂ ಇಲ್ಲ. ಬೇಕಾದದ್ದು ಸಿಕ್ಕಿದ ಮೇಲೆ ಬ್ರೇಕ್ ಎಂದು ಬರೆದು ಲೂಪಿನಿಂದ ಹೊರಬರಬಹುದು. ಒಳಗೆ ಅವೇಟ್ ಬರೆದರೆ ಒಂದು ಸುತ್ತು ಮುಗಿದ ಮೇಲೆಯೇ ಇನ್ನೊಂದು ಸುತ್ತು ಹೊರಡುತ್ತದೆ. ಫಾರ್‌ಈಚ್ ಎಂಬುದರಲ್ಲಿ ಇವೆರಡೂ ಸಾಧ್ಯವಿಲ್ಲ. ಅದು ಬ್ರೇಕ್ ಒಪ್ಪುವುದಿಲ್ಲ, ಒಳಗಿನ ಅವೇಟ್‌ಗಾಗಿ ಕಾಯುವುದೂ ಇಲ್ಲ.

ಫಾರ್-ಇನ್ ಎಂಬ ಇನ್ನೊಂದು ಲೂಪ್ ಇದೆ. ಒಂದು ಪದ ಮಾತ್ರ ಬೇರೆ, ಫಲ ಪೂರ್ತಿ ಬೇರೆ. ಪಟ್ಟಿಯ ಮೇಲೆ ಫಾರ್-ಇನ್ ಹಾಕಿದರೆ ಜಲಾಶಯ ಸಿಗುವುದಿಲ್ಲ, ಅದರ ಸ್ಥಾನದ ಅಂಕಿ ಸಿಗುತ್ತದೆ. ಅದೂ ಸಂಖ್ಯೆಯಾಗಿ ಅಲ್ಲ, ಅಕ್ಷರವಾಗಿ. ಕ್ರಮಸಂಖ್ಯೆ ತೋರಿಸಲೆಂದು ಅದಕ್ಕೆ ಒಂದನ್ನು ಕೂಡಿಸಿದರೆ ಸೊನ್ನೆಗೆ ಒಂದು ಸೇರಿ ಒಂದು ಆಗುವುದಿಲ್ಲ. ಸೊನ್ನೆಯ ಪಕ್ಕ ಒಂದು ಅಂಟಿಕೊಂಡು 01 ಆಗುತ್ತದೆ. ಪಟ್ಟಿಗೆ ಫಾರ್-ಆಫ್ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ.

ಹೊರಗಿನದು ಆಬ್ಜೆಕ್ಟ್ ಆಗಿದ್ದು, ಜಲಾಶಯದ ಹೆಸರುಗಳೇ ಎಡಗಡೆ ಇದ್ದರೆ? ಆಗ ಆಬ್ಜೆಕ್ಟ್ ಡಾಟ್ ಎಂಟ್ರೀಸ್ ನೆರವಿಗೆ ಬರುತ್ತದೆ. ಅದು ಆಬ್ಜೆಕ್ಟನ್ನು ಹೆಸರು-ಬೆಲೆಯ ಜೋಡಿಗಳ ಪಟ್ಟಿಯಾಗಿ ಮಾಡಿಕೊಡುತ್ತದೆ; ಆಮೇಲೆ ಮತ್ತೆ ನಮ್ಮ ಫಾರ್-ಆಫ್. ಆದರೆ ಇಲ್ಲಿ ಕ್ರಮದ ಬಗ್ಗೆ ಎಚ್ಚರ ಬೇಕು. ಹೆಸರುಗಳ ಜಾಗದಲ್ಲಿ ವರ್ಷಗಳಿವೆ ಎಂದುಕೊಳ್ಳಿ: ಹೊಸದು ಮೇಲಿರಲೆಂದು ಫೈಲಿನಲ್ಲಿ 2024, 2023, 2022 ಎಂದು ಬರೆದಿದ್ದಾರೆ. ಲೂಪ್ ಹಾಕಿದಾಗ ಬರುವುದು 2022, 2023, 2024. ಪೂರ್ಣಾಂಕದಂತೆ ಕಾಣುವ ಹೆಸರುಗಳನ್ನು ಜಾವಾಸ್ಕ್ರಿಪ್ಟ್ ಯಾವಾಗಲೂ ಏರಿಕೆಯ ಕ್ರಮದಲ್ಲಿ ಮೊದಲು ಕೊಡುತ್ತದೆ. ಕ್ರಮ ಮುಖ್ಯವಾದ ಕಡೆ ಆಬ್ಜೆಕ್ಟ್ ಬಿಟ್ಟು ಅರೇ ಬಳಸಬೇಕು ಎನ್ನುವುದು ಇದಕ್ಕೇ.

ಲೂಪ್ ಹಾಕಿ ಕೂಡಿಸೋಣ. ನಾಲ್ಕು ಜಲಾಶಯಗಳ ಒಟ್ಟು ಸಾಮರ್ಥ್ಯ ಎಷ್ಟು? ಲೂಪಿನ ಹೊರಗೆ ‘ಒಟ್ಟು’ ಎಂಬ ಹೆಸರಿಗೆ ಸೊನ್ನೆ ಕೊಟ್ಟು, ಒಳಗೆ ಸಾಮರ್ಥ್ಯ ಕೂಡಿಸುತ್ತಾ ಹೋಗಿ. 8.5, 37.1, 49.45, 19.52 ಸೇರಿ 114.57 ಟಿಎಂಸಿ. ಕಾವೇರಿ ಕಣಿವೆಯಲ್ಲಿ ಕರ್ನಾಟಕದ ನಾಲ್ಕು ಜಲಾಶಯಗಳ ಒಟ್ಟು ಸಂಗ್ರಹಣಾ ಸಾಮರ್ಥ್ಯವೆಂದು ಸುದ್ದಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಅಂಕಿ ಇದೇ. ಪರದೆಯ ಮೇಲೆ ದಶಮಾಂಶದ ನಂತರ ಉದ್ದನೆಯ ಬಾಲ ಕಾಣಿಸಿಕೊಂಡರೆ ಗಾಬರಿ ಬೇಡ. ಕಂಪ್ಯೂಟರ್ ಎರಡರ ಆಧಾರದಲ್ಲಿ ಲೆಕ್ಕ ಹಿಡಿಯುವುದರಿಂದ 0.1ಕ್ಕೆ 0.2 ಕೂಡಿಸಿದರೂ ಅಂಥ ಬಾಲ ಬರುತ್ತದೆ. ತೋರಿಸುವಾಗ ಟುಫಿಕ್ಸ್ಡ್ ಬಳಸಿ ಎರಡು ಸ್ಥಾನಕ್ಕೆ ನಿಲ್ಲಿಸಿ. ಇದೇ ಕೆಲಸಕ್ಕೆ ರೆಡ್ಯೂಸ್ ಎಂಬ ವಿಧಾನವೂ ಇದೆ. ಅದನ್ನು ಬಳಸುವವರು ಆರಂಭದ ಸೊನ್ನೆಯನ್ನು ಕೊಡಲು ಮರೆಯಬಾರದು. ಮರೆತರೆ ಮೊದಲ ಆಬ್ಜೆಕ್ಟೇ ಮೊತ್ತದ ಜಾಗದಲ್ಲಿ ಕೂತು, ಲೆಕ್ಕದ ಬದಲು ಅಕ್ಷರಗಳ ಗೋಜಲು ಸಿಗುತ್ತದೆ.

ಇಲ್ಲಿಯವರೆಗಿನದು ಭಾಷೆಯ ವಿಷಯ. ಇನ್ನು ಮುಂದಿನದು ಮಾಹಿತಿಯ ಅರ್ಥದ ವಿಷಯ. ಇದರಲ್ಲಿ ತಪ್ಪಿದರೆ ಕಂಪ್ಯೂಟರ್ ಯಾವ ದೂರನ್ನೂ ಹೇಳುವುದಿಲ್ಲ, ತಪ್ಪು ಉತ್ತರವನ್ನು ಅಚ್ಚುಕಟ್ಟಾಗಿ ಕೊಡುತ್ತದೆ. ಪತ್ರಿಕೆಯ ಪಟ್ಟಿಯ ‘ಗರಿಷ್ಠ ಮಟ್ಟ’ ಎಂಬ ಅಂಕಣವನ್ನೇ ನೋಡಿ. ಕೆಆರ್‌ಎಸ್ 124.80 ಅಡಿ. ಭದ್ರಾ 186 ಅಡಿ. ಕಬಿನಿ 2,284 ಅಡಿ. ತುಂಗಭದ್ರಾ 1,633 ಅಡಿ. ಆಲಮಟ್ಟಿ 519.60 ಮೀಟರ್. ಈ ಅಂಕಿಗಳನ್ನು ಫೈಲಿಗೆ ಹಾಕಿ, ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಲೂಪಿನಲ್ಲಿ ಹುಡುಕಿದರೆ ಕಬಿನಿ ಎಂಬ ಉತ್ತರ ಬರುತ್ತದೆ. ಕಬಿನಿಗಿಂತ ಕೆಆರ್‌ಎಸ್ ಎರಡೂವರೆ ಪಟ್ಟು ನೀರು ಹಿಡಿಯುತ್ತದೆಂದು ಈಗಷ್ಟೇ ನಾವು ಬರೆದುಕೊಂಡಿದ್ದೇವೆ. ಹಾಗಾದರೆ ಎಡವಟ್ಟು ಎಲ್ಲಿ? ಕಬಿನಿಯ ಮಟ್ಟ ಸಮುದ್ರಮಟ್ಟದಿಂದ ಅಳೆದದ್ದು. ಕೆಆರ್‌ಎಸ್‌ನದು ನದಿಪಾತ್ರದ ಕಡೆಯಿಂದ ಅಳೆದದ್ದು. ಆಲಮಟ್ಟಿಯದು ಮೀಟರಿನಲ್ಲಿದೆ. ಮೂರೂ ಸರಿಯಾದ ಅಂಕಿಗಳೇ. ಆದರೆ ಒಂದರ ಪಕ್ಕ ಇನ್ನೊಂದನ್ನಿಟ್ಟು ತೂಗಿ ನೋಡುವಂಥವಲ್ಲ. ಜಲಾಶಯಗಳನ್ನು ಹೋಲಿಸಬೇಕಾದರೆ ಟಿಎಂಸಿಯಲ್ಲಿ ಹೇಳಿದ ಸಂಗ್ರಹವನ್ನು ಹೋಲಿಸಬೇಕು. ಇದು ಲೂಪಿಗೆ ಗೊತ್ತಾಗುವುದಿಲ್ಲ, ಲೂಪ್ ಬರೆಯುವವರಿಗೆ ಗೊತ್ತಿರಬೇಕು.

ಒಳಹರಿವಿನ ಅಂಕಣದಲ್ಲಿ ಇನ್ನೊಂದು ಬಗೆಯ ಅಪಾಯವಿದೆ. ಒಳಹರಿವನ್ನು ಕ್ಯುಸೆಕ್ ಲೆಕ್ಕದಲ್ಲಿ ಹೇಳುತ್ತಾರೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯುಸೆಕ್. 11,574 ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ ಸುಮಾರು ಒಂದು ಟಿಎಂಸಿ ಆಗುತ್ತದೆ. ಒಂದು ದಿನ ಒಳಹರಿವು 45,000 ಕ್ಯುಸೆಕ್ ಇದೆ ಎಂದುಕೊಳ್ಳಿ. ಫೈಲ್ ತಯಾರಿಸಿದವರು ಪತ್ರಿಕೆಯಲ್ಲಿದ್ದಂತೆಯೇ ಅಲ್ಪವಿರಾಮ ಸಮೇತ, ಉದ್ಧರಣ ಚಿಹ್ನೆಯೊಳಗೆ ಬರೆದಿದ್ದಾರೆ. ಅದನ್ನು ಸಂಖ್ಯೆ ಮಾಡಲೆಂದು ಪಾರ್ಸ್‌ಫ್ಲೋಟ್‌ಗೆ ಕೊಟ್ಟರೆ ಅದು ಅಲ್ಪವಿರಾಮದ ತನಕ ಓದಿ ಅಲ್ಲಿಗೇ ನಿಲ್ಲಿಸುತ್ತದೆ. ಕೈಗೆ ಸಿಗುವುದು ಬರೀ 45. ದಿನಕ್ಕೆ ಹೆಚ್ಚುಕಡಿಮೆ 3.89 ಟಿಎಂಸಿ ತುಂಬುವ ಹೊಳೆ ನಮ್ಮ ಪರದೆಯ ಮೇಲೆ ಸಣ್ಣ ಹಳ್ಳವಾಗಿಬಿಡುತ್ತದೆ. ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡುವ ಪ್ರೋಗ್ರಾಮ್ ಅದಾಗಿದ್ದರೆ ಏನಾದೀತು ಎಂದು ಯೋಚಿಸಿ. ಮೊದಲು ಅಲ್ಪವಿರಾಮಗಳನ್ನೆಲ್ಲ ತೆಗೆದು, ನಂತರ ನಂಬರ್ ಎಂಬ ಫಂಕ್ಷನ್ನಿಗೆ ಕೊಡಿ. ಅದು ಅರ್ಧಂಬರ್ಧ ಓದುವುದಿಲ್ಲ. ಪೂರ್ತಿ ಸಂಖ್ಯೆಯಾದರೆ ಸಂಖ್ಯೆ ಕೊಡುತ್ತದೆ, ಇಲ್ಲದಿದ್ದರೆ ‘ಇದು ಸಂಖ್ಯೆಯಲ್ಲ’ ಎಂದು ಹೇಳುತ್ತದೆ.

ನಲ್ ಮತ್ತು ಸೊನ್ನೆಯ ಅಂತರವೂ ಇಷ್ಟೇ ಗಂಭೀರವಾದದ್ದು. ಒಳಹರಿವು ಸೊನ್ನೆ ಎಂದರೆ ನೀರು ಬರುತ್ತಿಲ್ಲ. ನಲ್ ಎಂದರೆ ಇವತ್ತಿನ ಅಂಕಿ ನಮಗೆ ತಲುಪಿಲ್ಲ. ಕೂಡಿಸುವಾಗ ಜಾವಾಸ್ಕ್ರಿಪ್ಟ್ ನಲ್ ಎಂಬುದನ್ನು ಸೊನ್ನೆಯೆಂದೇ ತೆಗೆದುಕೊಂಡು ಮುಂದೆ ಹೋಗುತ್ತದೆ. ಆ ಹೆಸರೇ ಫೈಲಿನಲ್ಲಿ ಇಲ್ಲದಿದ್ದರೆ ಮೊತ್ತ ಪೂರ್ತಿ ಕೆಟ್ಟು ‘ಸಂಖ್ಯೆಯಲ್ಲ’ ಎಂದಾಗುತ್ತದೆ. ಲೂಪಿನ ಮೊದಲ ಸಾಲಿನಲ್ಲೇ ಬೆಲೆ ಇದೆಯೇ, ಸಂಖ್ಯೆಯೇ ಎಂದು ನೋಡಿ. ಇಲ್ಲದಿದ್ದರೆ ಕಂಟಿನ್ಯೂ ಎಂದು ಬರೆದು ಆ ಸುತ್ತನ್ನು ಬಿಟ್ಟುಬಿಡಿ. ಎಷ್ಟು ಬಿಟ್ಟಿರಿ ಎಂಬುದನ್ನೂ ಎಣಿಸಿ ಕೊನೆಯಲ್ಲಿ ಹೇಳಿ. ಓದುವವರಿಗೆ ಅದನ್ನು ಹೇಳದೆ ಮೊತ್ತ ಮಾತ್ರ ತೋರಿಸುವುದು ಸರಿಯಲ್ಲ.

ಕನ್ನಡದ ಬಗ್ಗೆ ವಿಶೇಷವಾಗಿ ಹೇಳಬೇಕು. ಜೇಸನ್ ಮಾಹಿತಿಯನ್ನು ಎಲ್ಲರ ನಡುವೆ ವಿನಿಮಯ ಮಾಡುವಾಗ ಯುಟಿಎಫ್-8ರಲ್ಲೇ ಇರಬೇಕೆಂದು 2017ರ ಡಿಸೆಂಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 8259 ಎಂಬ ಮಾನಕ ಹೇಳುತ್ತದೆ. ಅದರಿಂದ ಕನ್ನಡಕ್ಕೆ ದೊಡ್ಡ ಅನುಕೂಲವಾಗಿದೆ. ಆದರೆ ಒಂದು ಸೂಕ್ಷ್ಮವಿದೆ. ‘ಕಾವೇರಿ’ ಎಂಬಲ್ಲಿ ‘ವೇ’ ಅಕ್ಷರದ ಏತ್ವವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಲು ಬರುತ್ತದೆ. ಇಡೀ ಏತ್ವಕ್ಕೆ ಒಂದೇ ಸಂಕೇತ ಇಡಬಹುದು. ಅಥವಾ ಹ್ರಸ್ವದ ಎತ್ವಕ್ಕೊಂದು, ದೀರ್ಘಕ್ಕೊಂದು ಎಂದು ಎರಡು ಸಂಕೇತ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಉದ್ದ ಕೇಳಿದರೆ ಜಾವಾಸ್ಕ್ರಿಪ್ಟ್ ಒಂದಕ್ಕೆ ಆರು ಎನ್ನುತ್ತದೆ, ಇನ್ನೊಂದಕ್ಕೆ ಏಳು ಎನ್ನುತ್ತದೆ. ಎರಡೂ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಕಾವೇರಿ ಕಣಿವೆಯ ಜಲಾಶಯಗಳನ್ನು ಮಾತ್ರ ಆರಿಸುವ ಲೂಪ್ ಹೀಗೆ ಸದ್ದಿಲ್ಲದೆ ಒಂದೆರಡನ್ನು ಬಿಟ್ಟುಬಿಡಬಹುದು. ಹೋಲಿಸುವ ಮೊದಲು ಎರಡೂ ಕಡೆಗೆ ನಾರ್ಮಲೈಸ್ ಎಂಬ ವಿಧಾನವನ್ನು ಹಚ್ಚಿದರೆ ಸಂಕೇತಗಳು ಒಂದೇ ರೂಪಕ್ಕೆ ಬರುತ್ತವೆ. ಕನ್ನಡದ ಮಾಹಿತಿಯ ಜೊತೆ ಕೆಲಸ ಮಾಡುವವರೆಲ್ಲ ಇದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಇಂಗ್ಲಿಷ್ ಮಾಹಿತಿಯ ಉದಾಹರಣೆ ಕೊಡುವ ಪಾಠಪುಸ್ತಕಗಳಲ್ಲಿ ಇದು ಸಿಗುವುದು ಅಪರೂಪ.

ಕೇಳುಗರೇ, ಓದುವುದನ್ನು ಕಲಿತವರು ಬರೆಯುವ ಕೆಲಸಕ್ಕೂ ಇಳಿಯಬೇಕು ಎಂಬುದು ನನ್ನ ಆಸೆ. ನಿಮ್ಮ ತಾಲ್ಲೂಕಿನ ಕೆರೆಗಳು, ನಿಮ್ಮ ಊರಿನ ಗ್ರಂಥಾಲಯದ ಪುಸ್ತಕಗಳು, ನಿಮ್ಮ ಎಪಿಎಂಸಿಯ ದಿನದ ಧಾರಣೆ, ಇವುಗಳಲ್ಲಿ ಒಂದನ್ನು ಆರಿಸಿ ಜೇಸನ್ ಫೈಲ್ ಮಾಡಿ. ಹೆಸರುಗಳನ್ನು ಕನ್ನಡದಲ್ಲೇ ಇಡಿ, ಎಲ್ಲ ನಮೂದುಗಳಲ್ಲೂ ಒಂದೇ ಕಾಗುಣಿತ ಇರಲಿ. ಅಳತೆ ಇರುವಲ್ಲೆಲ್ಲ ಅಳತೆಯ ಮಾನ ಹೇಳಿ. ಕ್ವಿಂಟಲಿಗೋ ಮೂಟೆಗೋ ಎಂಬುದು ಫೈಲಿನಲ್ಲೇ ಇರಲಿ. ದಿನಾಂಕ ಹಾಕಿ. ಗೊತ್ತಿಲ್ಲದ ಅಂಕಿಯ ಜಾಗದಲ್ಲಿ ಸೊನ್ನೆ ಬರೆಯದೆ ನಲ್ ಬರೆಯಿರಿ. ಆಮೇಲೆ ಆ ಫೈಲನ್ನು ಅದರ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬ ಸಹಪಾಠಿಗೆ ಕೊಡಿ. ಅವರು ನಿಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳದೆ ಲೂಪ್ ಬರೆದು ಸರಿಯಾದ ಉತ್ತರ ತೆಗೆದರೆ ನಿಮ್ಮ ಫೈಲ್ ಚೆನ್ನಾಗಿದೆ ಎಂದರ್ಥ. ಕೇಳಿದರೆ, ಅವರು ಕೇಳಿದ ಪ್ರಶ್ನೆಯ ಉತ್ತರವನ್ನು ಫೈಲಿನಲ್ಲೇ ಸೇರಿಸಿ ಇನ್ನೊಬ್ಬರಿಗೆ ಕೊಡಿ. ಕನ್ನಡದಲ್ಲಿ ನಂಬಿಕೆಯಿಟ್ಟು ಬಳಸಬಹುದಾದ ಮಾಹಿತಿ ಬೆಳೆಯಬೇಕಾದರೆ ಹೀಗೆ ಊರೂರಿನಲ್ಲೂ ಕೈಹಾಕುವವರು ಬೇಕು. ಈ ಮಾತು ಕೇಳುತ್ತಿರುವ ನಿಮ್ಮಿಂದಲೇ ಆ ಕೆಲಸ ಶುರುವಾಗಲಿ.